ಕೈ ಬೀಸುವ ಪಾಠ

ಅವರಿಗೆ ಕೈ ಬೀಸುವುದನ್ನು ಕಲಿಸಿದವನು ನಾನು.
ನಗಬೇಡಿ, ಅದಕ್ಕೂ ಸಂಬಳವಿತ್ತು.
ಗ್ರಿಮ್ಸ್‌ಬಿಯ ಪಕ್ಷದ ಕಚೇರಿ, ಕೆಳಗೆ ಜೂಜಿನಂಗಡಿ,
ಮೇಲೆ ನಾನು, ಒಂದು ನಿಲುವುಗನ್ನಡಿ,
ಮತ್ತು ನಾಯಕರ ಹೆಂಡತಿ ಬೆರಿಲ್ ಸ್ಟ್ಯಾನರ್ಡ್,
ಕೋಟಿನ ಎರಡೂ ಜೇಬಿನಲ್ಲಿ ಎರಡೂ ಕೈ.

"ಮೊಣಕೈ ಅಲುಗಬಾರದು ಮೇಡಂ,
ಬಲ್ಬು ತಿರುಗಿಸಿದ ಹಾಗೆ, ಅಷ್ಟೇ."
ಕನ್ನಡಿ ನೋಡಿದರು. ಕೈ ತೆಗೆಯಲಿಲ್ಲ.

ಕರಪತ್ರ ಬರೆದವನೂ ನಾನೇ.
ಗಂಡನಿಗೆ ಎರಡು ಪುಟ: ಶಾಲೆ, ಸಂಘ, ಸೇತುವೆ,
ಆಸ್ಪತ್ರೆಯ ಹೊಸ ವಾರ್ಡು.
ಹೆಂಡತಿಗೆ ಎರಡು ಪದ: ಮೀನುಗಾರನ ಮಗಳು.
ಬಂದರಿನ ಬೀದಿಗಳಲ್ಲಿ
ಎರಡು ಪುಟಕ್ಕಿಂತ ಅವೇ ಹೆಚ್ಚು ತೂಗಿದವು.
ಯಾವ ಮೀನುಗಾರ, ಏನು ಹೆಸರು,
ಕೇಳಬೇಕೆಂದು ಹೊಳೆಯಲಿಲ್ಲ ನನಗೆ.
ಜಾಗ ಕಡಿಮೆಯಿತ್ತು.

ಅವರ ಎಡ ಹೆಬ್ಬೆರಳ ಬುಡದಲ್ಲೊಂದು ಬಿಳಿಯ ಗೀರು.
ಹದಿನೈದಕ್ಕೇ ಹಿಡಿದ ಚೂರಿಯದು, ಹ್ಯಾಡಕ್ ಸೀಳುವ ಶೆಡ್ಡಿನಲ್ಲಿ.
ಗಂಟೆಗೆ ಎಷ್ಟು ಪೆಟ್ಟಿಗೆ ಎಂದು ಕೇಳಿ, ಹೇಳುತ್ತಾರೆ.
ಕ್ಲಿಫರ್ಡ್ ಸಿಕ್ಕಿದ್ದು ಹೇಗೆಂದು ಕೇಳಿ, ನಗುತ್ತಾರೆ:
"ಯೂನಿಯನ್ ಚಂದಾ ಕೇಳಲು ಬಂದ. ಕೊಡಲಿಲ್ಲ.
ಮಾರನೇ ವಾರವೂ ಬಂದ."

ಮೂರನೇ ದಿನ, ಚಹಾ ಆರುತ್ತಿದ್ದಾಗ,
ನನ್ನನ್ನಲ್ಲ, ಕಿಟಕಿಯನ್ನು ನೋಡುತ್ತ ಅಂದರು:
"ನಮ್ಮ ಬೀದಿಯಲ್ಲಿ ದೋಣಿ ಹೊರಟ ದಿನ ಬಟ್ಟೆ ಒಗೆಯುತ್ತಿರಲಿಲ್ಲ.
ಒಗೆದರೆ ಮನುಷ್ಯ ನೀರಲ್ಲೇ ಕೊಚ್ಚಿಹೋಗುತ್ತಾನಂತೆ.
ಹೋಗುವವರಿಗೆ ಕೈ ಬೀಸಲೇಬಾರದು.
ಬೀಸಿದರೆ ಕರೆದ ಹಾಗೆ, ಅಲೆಯನ್ನು.
ನನಗೆ ಒಂಬತ್ತು. ಬೆಳಗಿನ ಜಾವ ಮೂರು.
ಅಪ್ಪ ಚೀಲ ಹೊತ್ತು ತಿರುವಿನಲ್ಲಿ ನಿಂತ, ಬೆಂಕಿಕಡ್ಡಿ ಗೀರಿದ.
ನಾನು ಜೇಬಿನೊಳಗೆ ಎರಡೂ ಮುಷ್ಟಿ ಬಿಗಿಹಿಡಿದೆ.
ಒಂದು ಬೆರಳೂ ಅಲುಗಿಸಲಿಲ್ಲ ಕಣಪ್ಪ.

ಅಷ್ಟಾದರೂ."

ಆಮೇಲೆ ಬಿಸ್ಕತ್ತು ಅದ್ದಿದರು.

ನಾನು ಪಾಠ ನಿಲ್ಲಿಸಲಿಲ್ಲ, ನಾಚಿಕೆಯಿಂದಲೇ ಹೇಳುತ್ತೇನೆ.
"ಒಮ್ಮೆ ಮೇಡಂ, ಒಂದೇ ಒಮ್ಮೆ."

ಗೆದ್ದ ರಾತ್ರಿ, ಟೌನ್ ಹಾಲಿನ ಮೆಟ್ಟಿಲು.
ಗಂಡ ಕೃತಜ್ಞತೆ ಹೇಳುತ್ತಿದ್ದರು,
ಎಣಿಸಿದವರಿಗೆ, ಪೊಲೀಸರಿಗೆ, ವ್ಯಾನು ಓಡಿಸಿದ ಹುಡುಗನಿಗೆ,
ಕೊನೆಗೆ "ನನ್ನ ಬೆರಿಲ್‌ಗೆ".
ಕ್ಯಾಮೆರಾಗಳು ತಿರುಗಿದವು.
ನಾನು ಕೆಳಗಿನಿಂದ ಇಲ್ಲದ ಬಲ್ಬು ತಿರುಗಿಸಿ ತೋರಿಸಿದೆ.

ಜೇಬಿನಿಂದ ಕೈ ಬಂತು.
ಕಲಿಸಿದ ಹಾಗಲ್ಲ. ಮೊಣಕೈ ಎದ್ದಿತು, ಭುಜ ಎದ್ದಿತು,
ಹಿಮ್ಮಡಿ ನೆಲ ಬಿಟ್ಟಿತು,
ಐದೂ ಬೆರಳು ಅಗಲಿಸಿ
ನಮ್ಮ ತಲೆಗಳ ಮೇಲಿಂದ, ಬಸ್ ನಿಲ್ದಾಣದ ಮೇಲಿಂದ
ಬಂದರಿನ ಕಡೆಗೆ,
ಯಾರೋ ಇನ್ನೂ ಆ ತಿರುವಿನಲ್ಲೇ
ಗಾಳಿಗೆ ಬೆನ್ನು ಮಾಡಿ ಕಡ್ಡಿ ಗೀರುತ್ತಿರುವ ಹಾಗೆ.

ಜನ ತಮಗೇ ಎಂದುಕೊಂಡು ಹೋ ಎಂದರು.

ಬೆಳಿಗ್ಗೆ ಲಂಡನ್ನಿನಿಂದ ಫೋನು:
"ಚೆನ್ನಾಗಿತ್ತು. ಮೊಣಕೈ ಮಾತ್ರ ಸ್ವಲ್ಪ ಜಾಸ್ತಿಯಾಯಿತು.
ಹೇಳಿಬಿಡಿ ಅವರಿಗೆ."
ಹೇಳುತ್ತೇನೆ ಅಂದೆ.
ಹೇಳಲಿಲ್ಲ.