ಒಂದೇ ಸಲ ಕೇಳಿಸುತ್ತದೆ

ಸಾಲಗಾಮೆ ರಸ್ತೆಯಲ್ಲಿ ಟೈರ್ ಅಂಗಡಿಯ ಮೇಲೆ
ಬೆನೆಡಿಕ್ಟಾ ಮಿಸ್ಸಿನ ರೂಮು.
ಕೆಳಗೆ ಪಂಕ್ಚರ್ ಹಾಕುವವನ ಸುತ್ತಿಗೆ,
ಮೇಲೆ ಒಂದು ಮೇಣದಬತ್ತಿ, ಏಳು ಹೆಡ್‌ಫೋನು,
ಅದರಲ್ಲಿ ಎರಡಕ್ಕೆ ಎಡಗಿವಿ ಇಲ್ಲ.

ಮೊದಲ ಪಾಠ ಹಕಾರ.
‘ಬತ್ತಿಯ ಮುಂದೆ ಬಾಯಿಟ್ಟು ಹೇಳು: ಹಾರ್ಟ್.
ದೀಪ ಅಲುಗಿದರೆ ಅದು ಹೃದಯ,
ಅಲುಗದಿದ್ದರೆ ಬರೀ ಕಲೆ.’
ದುದ್ದದ ಕಡೆಯವಳು ನಾನು. ನಮ್ಮಲ್ಲಿ
ಹಾಲೂ ಆಲು, ಆಲೂಗಡ್ಡೆಯೂ ಆಲು,
ಊರಿನ ಹೆಸರೇ ಆಸ್ನ.
ಮೂರು ವಾರ ದೀಪ ಮಿಸುಕಲಿಲ್ಲ.
ಆಮೇಲೆ ಶುರುವಾದದ್ದು ನಿಲ್ಲಲೂ ಇಲ್ಲ:
ಹೆಗ್ಗು, ಹಾಂಟಿ, ಹಾಫೀಸು.
ಮಿಸ್ಸು ನಕ್ಕರು. ದೀಪ ಆರಿತು.

ಮೂವತ್ತೊಂದು ವರ್ಷ ಟ್ರಂಕ್ ಕಾಲ್ ಕೂಡಿಸಿದವರು.
ಸಕಲೇಶಪುರದ ತೋಟಕ್ಕೆ ಕೊಚ್ಚಿ,
ಅರಸೀಕೆರೆಯ ಕೊಬ್ಬರಿ ಮಂಡಿಗೆ ದಿಲ್ಲಿ.
ಗರಗರ ಸದ್ದಿನೊಳಗಿಂದ ಒಂದು ನಂಬರನ್ನು
ಅಕ್ಕಿಯಿಂದ ಕಲ್ಲು ಹೆಕ್ಕಿದಂತೆ ಹೆಕ್ಕಿದ ಕಿವಿ.
‘ಎಲ್ಲ ಪದದ ಹಿಂದೆ ಓಡಬೇಡ ಮಗಾ.
ಒತ್ತು ಎಲ್ಲಿ ಬಿತ್ತೋ ಅಲ್ಲಿ ಕೈ ಹಾಕು.
ಮಂಗಳವಾರ ಅನ್ನುತ್ತಾನೆ, ಬರೆದುಕೊಳ್ಳುತ್ತೀಯ;
ಅಲ್ಲಲ್ಲ, ಗುರುವಾರ ಅನ್ನುತ್ತಾನೆ, ಆಗ ನೀನಲ್ಲಿಲ್ಲ.
“ಆದರೆ” ಬರುವ ತನಕ ಪೆನ್ಸಿಲ್ ಎತ್ತಿಟ್ಟಿರು.’
ಇದೊಂದು ನನಗೆ ಮೊದಲೇ ಗೊತ್ತಿತ್ತು.
ಅಕ್ಕನನ್ನು ನೋಡಲು ಬಂದವರೆಲ್ಲ
ಹುಡುಗಿ ಲಕ್ಷಣವಾಗಿದ್ದಾಳೆ ಎಂದೇ ಶುರುಮಾಡಿದ್ದರು.

ಟೇಪು ಒಂದೇ ಸಲ. ಮತ್ತೊಮ್ಮೆ ಎನ್ನುವಂತಿಲ್ಲ.
ಯಾವನೋ ಪ್ರೊಫೆಸರು ಜೌಗುನೆಲದ ಬಗ್ಗೆ ಹೇಳುತ್ತ
ನಡುವೆ ಕೆಮ್ಮಿದ;
ಆ ಕೆಮ್ಮನ್ನೂ ಬರೆದುಕೊಂಡಿದ್ದೆ.

ಆಲೂಗಡ್ಡೆಯ ಅಂಗಮಾರಿ ನನ್ನ ವಿಷಯ.
ಎಲೆಯಂಚಿಗೆ ನೀರುಮಚ್ಚೆ, ಅಡಿಯಲ್ಲಿ ಬಿಳಿ ಬೂಷ್ಟು,
ಬೆಳಗಾಗುವುದರೊಳಗೆ ಹೊಲವೆಲ್ಲ ಕೊಳೆತ ನಾತ.
ಕನ್ನಡದಲ್ಲಿ ಅದರ ಹೆಸರಿನೊಳಗೇ ಮಾರಿ ಕೂತಿದ್ದಾಳೆ;
ಇಂಗ್ಲಿಷಿನಲ್ಲಿ ಅದು ಬರೀ ತಡವಾಗಿ ಬಂದದ್ದು.
ಎರಡು ನಿಮಿಷ ನಿಲ್ಲದೆ ಮಾತಾಡಬೇಕು.
ನಲವತ್ತನೇ ಸೆಕೆಂಡಿಗೆ ನಾನು ಬರಿದು,
ಮಿಕ್ಕಿದ್ದನ್ನು ಕೆಳಗಿನ ಸುತ್ತಿಗೆ ತುಂಬುತ್ತಿತ್ತು.

ನಮಗೆ ಕೇಳುವುದು ಒಂದೇ:
ಕಿವಿಯಿಂದಲೂ ಕೇಳುತ್ತೇವೆ, ಬಾಯಿಂದಲೂ ಕೇಳುತ್ತೇವೆ.
ಅಲ್ಲಿ ಬೇರೆ ಬೇರೆ ಕೋಣೆ, ಬೇರೆ ಬೇರೆ ಅಂಕ.

ಒಂದು ಸಂಜೆ ಕೇಳಿದೆ:
ಮಿಸ್, ಆ ಕಾಲ್‌ಗಳನ್ನೆಲ್ಲ ನೀವು ಕೇಳುತ್ತಿದ್ದಿರಾ?
‘ಕೂಡಿಸಿದ ಮೇಲೆ ಕಿವಿ ತೆಗೆಯಬೇಕು, ಅದು ರೂಲು.’
ಹೆಡ್‌ಫೋನಿನ ವೈರು ಸುತ್ತಿದರು, ಬಿಚ್ಚಿ ಮತ್ತೆ ಸುತ್ತಿದರು.
‘ಒಂದು ಸಲ ತೆಗೆಯಲಿಲ್ಲ.
ಸಾವು ಹೇಳಲು ಫೋನು ಮಾಡಿದವನು
ಹೇಳಲಾರದೆ, ಅಲ್ಲಿ ಮಳೆ ಬಂತಾ ಅಂತ ಕೇಳುತ್ತಿದ್ದ.
ಬಂತು ಅಂದರೆ, ಜೋರಾಗಿ ಬಂತಾ ಅಂತ.
ಮೂರು ನಿಮಿಷ ಮುಗಿಯಿತು ಎನ್ನಬೇಕಿತ್ತು ನಾನು.
ಅನ್ನಲಿಲ್ಲ. ಬಿಲ್ಲಿಗೂ ಹಾಕಲಿಲ್ಲ.’

ಮೈಸೂರಿನ ಪರೀಕ್ಷೆಯಲ್ಲಿ ಚೀಟಿ ಬಂತು:
ಚೆನ್ನಾಗಿ ಕೇಳಿಸಿಕೊಳ್ಳುವ ಒಬ್ಬರ ಬಗ್ಗೆ ಹೇಳಿ.
ಯೋಚನೆಗೆ ಒಂದು ನಿಮಿಷ.
ಪೆನ್ಸಿಲ್ ಮುಟ್ಟಲಿಲ್ಲ.
ಎರಡು ನಿಮಿಷಕ್ಕೆ ಆಕೆ ಕೈಯೆತ್ತಿ ನಿಲ್ಲಿಸಿದಾಗ
ನಾನಿನ್ನೂ ಟೈರ್ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದೆ.
ಊರು ಯಾವುದು ಎಂದಳು ಕೊನೆಗೆ.
ಹಾಸನ ಎಂದೆ. ಆಕೆಯ ಮುಂದಿನ ಕಾಗದ
ಸ್ವಲ್ಪ ಮೇಲೆದ್ದಂತೆ ಕಂಡಿತು, ಫ್ಯಾನೂ ಇರಬಹುದು.

ಸಂಜೆ ಬಸ್ಸಿನಲ್ಲಿ ಕಂಡಕ್ಟರ್: ಎಲ್ಲಿಗವ್ವಾ?
‘ಆಸ್ನ.’
ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ.
ಪಕ್ಕದ ಸೀಟಿನ ಹೆಂಗಸು
ಸೊಸೆ ಒಳ್ಳೆಯವಳು, ಬಲು ಒಳ್ಳೆಯವಳು ಎನ್ನುತ್ತಾ ಬಂದವಳು
ಹೊಳೆನರಸೀಪುರ ದಾಟುವಾಗ ‘ಆದರೆ’ ಎಂದಳು.
ಪೆನ್ಸಿಲ್ ಬ್ಯಾಗಿನಲ್ಲೇ ಇತ್ತು.
ಕೇಳಿದೆ.