ಎಡಗೈ ತೋರುಬೆರಳು

ಮೂವತ್ತನಾಲ್ಕು ವರ್ಷ, ವಾಣಿವಿಲಾಸದ ಮಕ್ಕಳ ವಾರ್ಡಿನಲ್ಲಿ
ಎಲ್ಲರೂ ಕೈಚೆಲ್ಲಿದ ಮೇಲೆ ಒಂದು ಕೂಗು ಏಳುತ್ತಿತ್ತು:
ಲೂರ್ದಮ್ಮ ಸಿಸ್ಟರನ್ನ ಕರೀರಿ.

ಹೋಗುತ್ತಿದ್ದೆ. ಮಗುವಿನ ಮುಂಗೈ ಮೇಲೆ
ಎಡಗೈ ತೋರುಬೆರಳಿಟ್ಟು ಸುಮ್ಮನಿರುತ್ತಿದ್ದೆ.
ಚರ್ಮದಡಿ ಎಲ್ಲೋ ಒಂದು ಎಳೆ,
ನೆನೆದ ಶಾವಿಗೆಯಷ್ಟು ಮೆತ್ತಗೆ,
ಇಲ್ಲಿದೀನಿ ಅನ್ನುತ್ತಿತ್ತು.
ಸೂಜಿ ಒಂದೇ ಸಲ.

ಇದನ್ನು ಯಾರೂ ಕಲಿಸಲಿಲ್ಲ. ಕಲಿಸಲು ನನಗೂ ಆಗಲಿಲ್ಲ.
ಎಷ್ಟು ಹುಡುಗಿಯರ ಬೆರಳು ಹಿಡಿದು ಇಟ್ಟು ತೋರಿಸಿದೆ,
ಏನೂ ಗೊತ್ತಾಗ್ತಿಲ್ಲ ಸಿಸ್ಟರ್, ಅಂದರು.

ನಿವೃತ್ತಿಯ ದಿನ ಒಂದು ಶಾಲು, ಒಂದು ಗೋಡೆ ಗಡಿಯಾರ.
ಮರಿಯಣ್ಣಪಾಳ್ಯದ ಮನೆಗೆ ಬಂದು ಕೈ ತೊಳೆದೆ.
ತೊಳೆದೇಬಿಟ್ಟೆ.

ಪೂಜೆ ಮುಗಿದ ಮೇಲೆ ಫಾದರ್ ಪಟ್ಟಿ ಓದುತ್ತಿದ್ದರು:
ಗಾನವೃಂದಕ್ಕೆ ಯಾರು, ಪೀಠದ ಹೂವಿಗೆ ಯಾರು,
ಮಕ್ಕಳಿಗೆ ಜಪ ಹೇಳಿಕೊಡಲು ಯಾರು.
ನನ್ನ ಸ್ವರ ತೆಂಗಿನಕಾಯಿ ತುರಿದಂತೆ.
ಬೆರಳಿಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ.
ತಲಾಂತಿನ ಸಾಮತಿ ಓದಿದ ಭಾನುವಾರ ಮಾತ್ರ
ಅದನ್ನು ಮಡಚಿ ಸೆರಗಿನೊಳಗೆ ಇಟ್ಟುಕೊಂಡೆ.

ಒಂದು ವರ್ಷ ಎರಡು ತಿಂಗಳು.
ಟೊಮ್ಯಾಟೊ ನೆಟ್ಟೆ. ಧಾರಾವಾಹಿ ನೋಡಿದೆ.
ದೇವರು ಗದರುತ್ತಾನೆ ಅಂತ ಕಾದೆ.
ಗದರಲಿಲ್ಲ.
ಟೊಮ್ಯಾಟೊ ಬಂತು, ಪಕ್ಕದ ಇನ್ನಾಸಪ್ಪನ ಮನೆಗೂ ಕೊಡುವಷ್ಟು.
ರಾತ್ರಿ ಜಪಸರ ಹಿಡಿದರೆ
ಬೆರಳು ಒಂದೊಂದು ಮಣಿಯಡಿಯೂ ನಾಡಿ ಹುಡುಕುತ್ತಿತ್ತು,
ಅಷ್ಟೇ. ಅದನ್ನು ದೂರು ಅನ್ನಲಾರೆ.
ಕೊಟ್ಟವನು ರಸೀದಿ ಬರೆಸಿಕೊಂಡಿರಲಿಲ್ಲ,
ಬಾಗಿಲು ತಟ್ಟಿ ಬಾಕಿ ಕೇಳುವವನೂ ಅಲ್ಲ.
ಬೇಡ ಅಂದರೆ ಬೇಡವೇ. ಆಗಲೂ ಮಳೆ, ಆಗಲೂ ಬೆಳಗು.
ಇದು ಮನಸ್ಸಿಗೆ ಇಳಿದ ದಿನ
ಯಾಕೋ ಕೊಡೆ ತೆಗೆದೆ, ಮಂಚದಡಿ ಚಪ್ಪಲಿ ಹುಡುಕಿದೆ.

ಈಗ ಮಂಗಳವಾರ ಮಂಗಳವಾರ, ಎರಡು ಬಸ್ಸು ಬದಲಿಸಿ,
ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳುವ ಮಕ್ಕಳ ಹತ್ತಿರ.
ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಅವರ ನರಗಳು
ಕಣ್ಣಾಮುಚ್ಚಾಲೆಯಲ್ಲಿ ಬಚ್ಚಿಟ್ಟುಕೊಂಡು
ಆಟ ಮುಗಿದರೂ ಹೊರಗೆ ಬಾರದವರ ಹಾಗೆ.

ಗೋರಿಪಾಳ್ಯದ ತಬಸ್ಸುಮ್, ಒಂಬತ್ತು ವರ್ಷ,
ನನ್ನನ್ನೇ ವಿಚಾರಣೆ ಮಾಡುತ್ತಾಳೆ:
ಸಂಬಳ ಎಷ್ಟು?
ಇಲ್ಲ.
ಬರದಿದ್ರೆ ಬೈತಾರಾ?
ಇಲ್ಲ.
ಮತ್ತೆ ಯಾಕೆ ಬರ್ತೀಯ?
ಸುಮ್ನಿರು, ಅಂದೆ, ಬೆರಳು ಕೇಳಿಸ್ಕೋತಾ ಇದೆ.

ಹೋದ ವಾರ ತಪ್ಪಿತು.
ಶಾವಿಗೆಯೆಳೆ ಸರಿದು ಅತ್ತ ಹೋಯಿತು, ಸೂಜಿ ಇತ್ತ.
ಅಂಗೈಯಗಲ ನೀಲಿ ಹಬ್ಬಿತು.
ಬೆರಳನ್ನೇ ನೋಡುತ್ತ ನಿಂತೆ, ಯಾರದೋ ಬೆರಳು ನೋಡುವಂತೆ.
ಇನ್ನೊಬ್ಬರನ್ನು ಕರೀತೀನಿ ಕಂದ, ಅಂದೆ.

ಅವಳು ಮೂಗು ಒರೆಸಿಕೊಂಡಳು.
ಹಸಿರು ಬಳೆಗಳನ್ನು ಮೊಣಕೈವರೆಗೆ ಸರಿಸಿ
ಇನ್ನೊಂದು ಕೈ ಚಾಚಿದಳು.