ಒಂದ್ ಮಾತ್ರಿ ಜಾಸ್ತಿ

ಜಯಪಾಲನ ಹಾಡು ಬಂದದ.
ಹೆಸರು ಒಂದೇ, ಫೋಟೋದಾಗ ಮಾರಿನೂ ಒಂದೇ.
ಸೂಪರ್ ಮಾರ್ಕೆಟ್‌ದಿಂದ ರಿಂಗ್ ರೋಡಿಗಿ ಹೊಂಟ ಆಟೋದಾಗ ಕೇಳ್ದೆ;
ಇಂವ ನಮ್ಮಾಂವ ಅಂತ ಡ್ರೈವರಗ ಹೇಳ್ಲಿಲ್ಲ.

ಗಿಟಾರ್ ಸ್ವಚ್ಛ ಅದ. ಡ್ರಮ್ಮು ಮಷೀನಿಂದು,
ಒಂದ್ ಪೆಟ್ಟೂ ತಪ್ಪಂಗಿಲ್ಲ.
ನಾ ತಪ್ತಿದ್ದೆ.
ತಪ್ಪಿದ್ರ ಹೊಳ್ಳಿ ನೋಡಿ, ಹುಬ್ಬು ಹಾರಿಸಿ,
ಮುಂದಿನ ಸಾಲು ಎಳದು ನನ್ನ ದಾರಿಗಿ ಹಚ್ತಿದ್ದ.

ಮುದಸ್ಸಿರನ ಮಾಮೂನ ದಾಲ್ ಮಿಲ್ಲಿನ ಮಾಳಿಗಿ ಮ್ಯಾಲ
ತೊಗರಿ ಹೊಟ್ಟಿನಾಗ ಸೀನಕೋತ ನಾಕ್ ವರ್ಷ ಬಾರಿಸೀವಿ.
ಕೆಳಗ ಮಷೀನಿನ ಪಟ್ಟಾ ಜಾರಿ ಟಕ್ ಅಂತಿತ್ತು,
ಪಲ್ಲವಿ ಎತ್ತೂ ಮುಂದ ಅಂವ ಅದಕ್ಕ ಕಾಯ್ತಿದ್ದ,
ಬಾಯಿ ತೆರದು, ಕೊಳ್ಳಾಗ ಉಸ್ರು ಹಿಡದು.

ಈಗ ಹಾಡಿದ್ದು ಮುಂಬೈದಾಗಂತ.
ಗಾಜಿನ ಖೋಲಿ, ಹೊಟ್ಟಿಲ್ಲ, ಪಟ್ಟಾ ಇಲ್ಲ.
ಥ್ಯಾಂಕ್ಸ್ ಹೇಳಿದ ಹನ್ನೆರಡು ಹೆಸರಿನ್ಯಾಗ
ನಾವಿಲ್ಲ, ಎರಡ್ ಸಲ ನೋಡೀನಿ.

ಹುಮನಾಬಾದ್ ಬೇಸ್ ದಾಟ್ತಲೇ ಪಲ್ಲವಿ ಹತ್ರ ಬಂತು.
ಅಂವ ನಿಂತ.
ಒಂದ್ ಮಾತ್ರಿ ಜಾಸ್ತಿ. ಮಷೀನೂ ಸುಮ್ಮನಿತ್ತು.
ಆ ಖಾಲ್ಯಾಗ ನನ್ನ ಬೆರಳು ತೊಡಿ ಮ್ಯಾಲ
ಟಕ್ ಅಂತು.

ಡ್ರೈವರ್ ಸ್ಪೀಕರಿಗಿ ಒಂದು ಗುದ್ದಿದ,
"ವೈರ್ ಸಡ್ಲ್ ಆಗ್ಯದ್ರಿ."
ಇಲ್ಲ, ಬಿಡ್ರಿ, ಅಂದೆ.
ಅಷ್ಟ್ರಾಗ ಅಂವ ಹಾಡ್ಲಾಕತ್ತಿದ್ದ.